ಹಿಟ್ಟು ಉಬ್ಬುವ ಹೊತ್ತಿನಲ್ಲಿ ಮನೆ ಸಿಂಗಾರ: ಒಂದು ಭಾನುವಾರದ ಬೇಕಿಂಗ್ ಮತ್ತು ಅಲಂಕಾರದ ಮಾರ್ಗದರ್ಶಿ

ಈಸ್ಟ್ ಹಾಕಿ ನಾದಿದ ಹಿಟ್ಟು ಉಬ್ಬಿ ಬರಲು ಒಂದರಿಂದ ಒಂದೂವರೆ ಗಂಟೆ ಬೇಕು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಮಗೆ ಕೆಲಸವಿರುವುದಿಲ್ಲ. ಹಿಟ್ಟನ್ನು ಮುಟ್ಟದೆ, ಮುಚ್ಚಳ ತೆಗೆದು ನೋಡದೆ ಬಿಡುವುದೇ ಆಗ ಮಾಡಬೇಕಾದ ಕೆಲಸ. ಹಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಈ ಬಿಡುವನ್ನು ಮನೆಯ ಅಲಂಕಾರಕ್ಕೆ ಬಳಸಿಕೊಳ್ಳುತ್ತ ಬಂದಿದ್ದೇವೆ. ಮೊದಲ ಸಲ ಹಿಟ್ಟು ಉಬ್ಬುವಷ್ಟರಲ್ಲಿ ಹಳೆಯ ಸೀರೆಯೊಂದು ಬಾಗಿಲಿನ ಪರದೆಯಾಗುತ್ತದೆ, ಎರಡನೆಯ ಸಲ ಉಬ್ಬುವಷ್ಟರಲ್ಲಿ ಅದರ ಸೆರಗು ದಿಂಬಿನ ಕವರಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಖಾರಾ ಬನ್, ರವೆ ಕೇಕ್ ಮತ್ತು ಬೆಣ್ಣೆ ಬಿಸ್ಕತ್ತು ಒಂದಾದ ಮೇಲೊಂದರಂತೆ ಓವನ್ನಿನಿಂದ ಹೊರಬಂದಿರುತ್ತವೆ.

ಈ ಎರಡು ಕೆಲಸಗಳನ್ನು ಒಂದೇ ದಿನ ಇಟ್ಟುಕೊಳ್ಳುವುದಕ್ಕೆ ಸಮಯದ ಉಳಿತಾಯವಲ್ಲದೆ ಇನ್ನೊಂದು ಕಾರಣವೂ ಇದೆ. ಬೇಕಿಂಗ್‌ನಲ್ಲಿ ಸಾಮಾನು ಹಾಳಾಗುವುದು ಮತ್ತು ಅಲಂಕಾರದಲ್ಲಿ ದುಡ್ಡು ಪೋಲಾಗುವುದು, ಎರಡೂ ಹೆಚ್ಚಿನ ಸಲ ಅಳತೆ ತೆಗೆದುಕೊಳ್ಳದೆ ಕೈ ಹಾಕುವುದರಿಂದಲೇ. ಒಗ್ಗರಣೆಗೆ ಸಾಸಿವೆಯನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಸಾರು ಕೆಡುವುದಿಲ್ಲ, ಆದರೆ ಅಡುಗೆ ಸೋಡಾವನ್ನು ಅಂದಾಜಿನಲ್ಲಿ ಹಾಕಿದರೆ ಕೇಕ್ ಕೆಡುತ್ತದೆ. ಕಿಟಕಿಯನ್ನು ಅಳೆಯದೆ ಅಂಗಡಿಗೆ ಹೋದರೆ ಬಟ್ಟೆ ಒಂದೋ ಸಾಲದಾಗುತ್ತದೆ, ಇಲ್ಲವೇ ಉಳಿದು ಕಪಾಟಿನಲ್ಲಿ ಕೊಳೆಯುತ್ತದೆ. ಆದ್ದರಿಂದ ಕೊಳ್ಳಲೇಬೇಕಾದ ಸಾಮಾನು ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಎರಡೇ: ಗ್ರಾಂ ಲೆಕ್ಕದಲ್ಲಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ದರ್ಜಿಗಳು ಬಳಸುವ 60 ಇಂಚಿನ ಟೇಪು.

ಹಿಂದಿನ ದಿನದ ಸಿದ್ಧತೆ

ಶನಿವಾರವೇ ಸೀರೆಯನ್ನು ಆರಿಸಿ ಒಗೆದು ಒಣಗಿಸಿಡಬೇಕು. ಮೆತ್ತಗಾಗಿರುವ, ಆದರೆ ಎಲ್ಲಿಯೂ ಪಿಸಿದಿರದ ಹತ್ತಿಯ ಸೀರೆ ಪರದೆಗೆ ಅತ್ಯುತ್ತಮ. ಸೀರೆಯನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರೆ ನೂಲು ಸವೆದ ಜಾಗಗಳು ಕಾಣುತ್ತವೆ; ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಜರಿಯ ರೇಷ್ಮೆ ಸೀರೆಯನ್ನು ಇದಕ್ಕೆ ಕತ್ತರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ನೇರ ಬಿಸಿಲು ಬೀಳುವ ಕಿಟಕಿಯಲ್ಲಿ ರೇಷ್ಮೆಯ ಬಣ್ಣವೂ ಕಸುವೂ ಬೇಗ ಹೋಗುತ್ತವೆ. ಇಳಕಲ್ ಸೀರೆಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಕೆಂಪು ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿಯಂತೆ ಕೂಡಿಸಿ ನೇಯ್ದಿರುತ್ತಾರೆ. ಹಳೆಯ ಸೀರೆಯಲ್ಲಿ ಮೊದಲು ಬಿಡುವುದು ಆ ಕೂಡುಗೆರೆಯೇ ಆದ್ದರಿಂದ, ಕತ್ತರಿಸುವಾಗ ಅದು ದಿಂಬಿನ ಕವರಿನ ನಡುವೆ ಬರದಂತೆ ನೋಡಿಕೊಳ್ಳಬೇಕು.

ಒಗೆಯುವ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ಉಡದೆ ಇಟ್ಟಿದ್ದ ಹೊಸ ಹತ್ತಿ ಸೀರೆಯನ್ನು ನೀರು ಕಾಣಿಸದೆ ಕತ್ತರಿಸಿ ಹೊಲಿದೆ. ಮೊದಲ ಒಗೆತಕ್ಕೇ ಅದು ಎರಡು ಇಂಚು ಕುಗ್ಗಿತು, ಮತ್ತೆ ಪಟ್ಟಿ ಸೇರಿಸಿ ಹೊಲಿಯಬೇಕಾಯಿತು. ಹಲವು ಬಾರಿ ಒಗೆದ ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸದಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಮುಟ್ಟಬೇಕು.

ಬೆಳಿಗ್ಗೆ 9 ಗಂಟೆ: ಖಾರಾ ಬನ್ನಿನ ಹಿಟ್ಟು

ಕರ್ನಾಟಕದಲ್ಲಿ ಬೇಕರಿಯೆಂದರೆ ಮೊದಲು ನೆನಪಾಗುವುದು ಹಾಸನದ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಳೆಸಿದ ಬೇಕರಿಗಳು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ.ಬಿ. ಬೇಕರಿಯಿಂದ ಈ ಪರಂಪರೆಯನ್ನು ಲೆಕ್ಕ ಹಾಕುವುದು ರೂಢಿ. ಮೊಟ್ಟೆಯಿಲ್ಲದ ಕೇಕ್, ಈರುಳ್ಳಿ ಮೆಣಸಿನಕಾಯಿಯ ಬನ್, ಬಾಯಲ್ಲಿಟ್ಟರೆ ಕರಗುವ ಬೆಣ್ಣೆ ಬಿಸ್ಕತ್ತು, ಇವೆಲ್ಲ ಪಾಶ್ಚಾತ್ಯರ ಬೇಕಿಂಗ್ ನಮ್ಮ ಅಡುಗೆಮನೆಯ ರುಚಿಗೆ ಒಗ್ಗಿದ ಬಗೆಗಳು. ಮನೆಯ ಎಲ್ಲ ವಯಸ್ಸಿನವರೂ ಬೇಡವೆನ್ನದೆ ತಿನ್ನುವ ತಿಂಡಿಗಳೂ ಇವೇ ಆದ್ದರಿಂದ ಕಲಿಯುವವರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಎಂಟು ಬನ್ನುಗಳಿಗೆ 300 ಗ್ರಾಂ ಮೈದಾ, 5 ಗ್ರಾಂ ಇನ್‌ಸ್ಟಂಟ್ ಈಸ್ಟ್, 20 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು, 30 ಗ್ರಾಂ ಬೆಣ್ಣೆ ಮತ್ತು ಹಾಲು ನೀರು ಸಮವಾಗಿ ಬೆರೆಸಿದ 190 ಮಿಲಿಲೀಟರ್ ದ್ರವ ಬೇಕು. ಲೋಟದ ಅಳತೆಯಲ್ಲಿ ಯಾಕೆ ಹೇಳುತ್ತಿಲ್ಲವೆಂದರೆ, ಒಂದೇ ಕಪ್ಪಿಗೆ ಮೈದಾವನ್ನು ಚಮಚದಿಂದ ಹಗುರವಾಗಿ ತುಂಬಿದರೆ ಸುಮಾರು 120 ಗ್ರಾಂ, ಡಬ್ಬಿಯೊಳಗೆ ಕಪ್ಪನ್ನು ಅದ್ದಿ ಒತ್ತಿ ತುಂಬಿದರೆ 150 ಗ್ರಾಂ ಹಿಡಿಯುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸವಾದರೆ ಮೆತ್ತನೆಯ ಬನ್ನು ಬರಬೇಕಾದ ಕಡೆ ಗಟ್ಟಿ ಉಂಡೆ ಬರುತ್ತದೆ, ಆಗ ತಪ್ಪು ಈಸ್ಟಿನದೆಂದು ನಾವು ತಿಳಿದುಕೊಳ್ಳುತ್ತೇವೆ.

ದ್ರವವು ಉಗುರುಬೆಚ್ಚಗಿರಬೇಕು. ಬೆರಳಿಟ್ಟರೆ ಬಿಸಿ ತಟ್ಟಬಾರದು, ತಣ್ಣಗೂ ಅನಿಸಬಾರದು. ಥರ್ಮಾಮೀಟರ್ ಇದ್ದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್. ಈಸ್ಟ್ ಜೀವವಿರುವ ವಸ್ತು, ಕಾಫಿಯಷ್ಟು ಬಿಸಿಯಾದ ಹಾಲಿನಲ್ಲಿ ಅದು ಸಾಯುತ್ತದೆ. ಮೈದಾ, ಈಸ್ಟ್, ಸಕ್ಕರೆ, ಉಪ್ಪನ್ನು ಒಣದಾಗಿಯೇ ಬೆರೆಸಿ, 20 ಮಿಲಿಲೀಟರ್ ದ್ರವವನ್ನು ಕೈಯಲ್ಲಿ ಉಳಿಸಿಕೊಂಡು ಮಿಕ್ಕಿದ್ದನ್ನು ಸುರಿದು ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಉಳಿಸಿಕೊಂಡದ್ದನ್ನು ಹಿಟ್ಟು ಕೇಳಿದರೆ ಮಾತ್ರ ಸೇರಿಸಬೇಕು, ಏಕೆಂದರೆ ಒಂದೊಂದು ಚೀಲದ ಮೈದಾ ಒಂದೊಂದು ಪ್ರಮಾಣದಲ್ಲಿ ನೀರು ಹೀರುತ್ತದೆ.

ಅನಂತರ ಮೆತ್ತಗಾದ ಬೆಣ್ಣೆಯನ್ನು ಹಾಕಿ ಹತ್ತರಿಂದ ಹನ್ನೆರಡು ನಿಮಿಷ ನಾದಬೇಕು. ಮೊದಲ ಐದು ನಿಮಿಷ ಹಿಟ್ಟು ಕೈಗೆ ಅಂಟುತ್ತದೆ. ಚಪಾತಿ ಹಿಟ್ಟಿನ ಅಭ್ಯಾಸದಲ್ಲಿ ಆಗ ಒಣ ಮೈದಾ ಉದುರಿಸಬೇಕೆನಿಸುವುದು ಸಹಜ, ಆದರೆ ಉದುರಿಸಬೇಡಿ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ ಮತ್ತೆ ತಳ್ಳುತ್ತ ಹೋದರೆ ಅಂಟು ತಾನಾಗಿ ಕಡಿಮೆಯಾಗಿ ಹಿಟ್ಟು ನುಣುಪಾಗುತ್ತದೆ. ನಿಂಬೆ ಗಾತ್ರದ ತುಂಡನ್ನು ಎರಡು ಕೈಯ ಬೆರಳುಗಳಿಂದ ಹಿಗ್ಗಿಸಿದಾಗ ಹರಿಯದೆ ಬೆಳಕು ಕಾಣುವಷ್ಟು ತೆಳುವಾದ ಪೊರೆಯಾದರೆ ನಾದುವುದು ಸಾಕು. ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟನ್ನಿಟ್ಟು ಒದ್ದೆ ಬಟ್ಟೆಯಿಂದ ಮುಚ್ಚಿ. ಪಾತ್ರೆಯ ಹೊರಮೈಗೆ ಹಿಟ್ಟಿನ ಮಟ್ಟದಲ್ಲಿ ರಬ್ಬರ್ ಬ್ಯಾಂಡ್ ಹಾಕಿದರೆ ಎರಡರಷ್ಟಾಯಿತೇ ಇಲ್ಲವೇ ಎಂದು ಊಹಿಸಬೇಕಾಗುವುದಿಲ್ಲ.

ಹಿಟ್ಟು ಉಬ್ಬುತ್ತಿರುವಾಗ: ಸೀರೆಯಿಂದ ಪರದೆ

ಐದೂವರೆ ಮೀಟರ್ ಉದ್ದದ ಸೀರೆ ಇಂಚಿನ ಲೆಕ್ಕದಲ್ಲಿ ಸುಮಾರು 216 ಇಂಚು. ಅಗಲ ಸಾಮಾನ್ಯವಾಗಿ 44 ಇಂಚಿನ ಆಸುಪಾಸಿನಲ್ಲಿರುತ್ತದೆ. ಏಳು ಅಡಿ ಎತ್ತರದ ಬಾಗಿಲಿನ ಪರದೆಗೆ 84 ಇಂಚು, ಮೇಲೆ ರಾಡು ತೂರಿಸುವ ಮಡಿಕೆಗೆ 4 ಇಂಚು, ಕೆಳಗಿನ ಮಡಿಕೆಗೆ 3 ಇಂಚು, ಒಟ್ಟು 91 ಇಂಚು ಬೇಕು. ಎರಡು ಪರದೆಗೆ 182 ಇಂಚು ಹೋದರೆ 34 ಇಂಚು ಉಳಿಯುತ್ತದೆ. ಆ 34 ಇಂಚು ಹೆಚ್ಚುಕಡಿಮೆ ಸೆರಗಿನ ಭಾಗಕ್ಕೆ ಸಮ. ಸೆರಗನ್ನು ಪರದೆಯಲ್ಲಿ ಸೇರಿಸಿಕೊಂಡರೆ ಒಂದು ಪರದೆಗೆ ಸೆರಗಿನ ಚಿತ್ತಾರವಿದ್ದು ಇನ್ನೊಂದಕ್ಕೆ ಇಲ್ಲದೆ ಜೋಡಿ ಕೆಡುತ್ತದೆ. ಆದ್ದರಿಂದ ಸೆರಗನ್ನು ಮೊದಲೇ ಬೇರ್ಪಡಿಸಿ ದಿಂಬಿಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಅಗಲದ ವಿಷಯದಲ್ಲಿಯೂ ಒಂದು ಲೆಕ್ಕವಿದೆ. ಪರದೆ ನೆರಿಗೆಯಾಗಿ ಇಳಿಯಬೇಕಾದರೆ ಬಟ್ಟೆಯ ಅಗಲ ಕಿಟಕಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ನಾಲ್ಕು ಅಡಿ, ಅಂದರೆ 48 ಇಂಚು ಅಗಲದ ಕಿಟಕಿಗೆ ಸೀರೆಯ ಎರಡು ತುಂಡುಗಳು ಸೇರಿ 88 ಇಂಚಾಗುತ್ತವೆ, ಇದು ಹೇಳಿಮಾಡಿಸಿದ ಅಳತೆ. ಆರು ಅಡಿಯ ಕಿಟಕಿಗೆ ಒಂದು ಸೀರೆ ಸಾಲುವುದಿಲ್ಲ, ಒಂದೇ ಬಗೆಯ ಎರಡು ಸೀರೆ ಹುಡುಕಬೇಕು, ಇಲ್ಲವಾದರೆ ನಡುವೆ ಬಣ್ಣದ ಸೀರೆ, ಎರಡು ಬದಿಗೆ ಬಿಳಿಯ ಪಂಚೆ ಎಂದು ಜೋಡಿಸಿಕೊಳ್ಳಬಹುದು.

ಸೀರೆಯನ್ನು ಪರದೆಗೆ ಆರಿಸಿಕೊಳ್ಳುವುದರಲ್ಲಿ ದೊಡ್ಡ ಅನುಕೂಲವೆಂದರೆ ಅದರ ಎರಡೂ ಅಂಚುಗಳು ಮಗ್ಗದಲ್ಲಿಯೇ ನೂಲು ಬಿಡದಂತೆ ಬಿಗಿಯಾಗಿ ನೇಯ್ದು ಬಂದಿರುತ್ತವೆ, ಸೀರೆಯ ಉದ್ದವೇ ಪರದೆಯ ಎತ್ತರವಾಗುವುದರಿಂದ ಅಂಚುಗಳು ಎರಡು ಬದಿಯಲ್ಲಿ ಮೇಲಿಂದ ಕೆಳಕ್ಕೆ ಇಳಿಬೀಳುತ್ತವೆ. ಬದಿಗಳನ್ನು ಹೊಲಿಯುವ ಕೆಲಸವೇ ಇಲ್ಲ. ಉಳಿಯುವುದು ಮೇಲಿನ ಮತ್ತು ಕೆಳಗಿನ ಮಡಿಕೆ ಮಾತ್ರ. ಮೇಲೆ ಮೊದಲು ಅರ್ಧ ಇಂಚು ಮಡಚಿ, ಆಮೇಲೆ ಮೂರೂವರೆ ಇಂಚು ಮಡಚಿ ಇಸ್ತ್ರಿ ಒತ್ತಿ ಹೊಲಿದರೆ ಒಂದು ಇಂಚು ದಪ್ಪದ ರಾಡು ಸಲೀಸಾಗಿ ತೂರುತ್ತದೆ. ಹೊಲಿಗೆ ಯಂತ್ರವಿಲ್ಲದಿದ್ದರೆ ಕೈಹೊಲಿಗೆ ಸಾಕು. ಜೋಡಿ ದಾರದಲ್ಲಿ ಒತ್ತಾಗಿ ಹೊಲಿದು, ಮೂರು ನಾಲ್ಕು ಇಂಚಿಗೊಮ್ಮೆ ಹಿಂದಕ್ಕೆ ಒಂದು ಹೊಲಿಗೆ ಹಾಕಿದರೆ ಎಷ್ಟು ವರ್ಷವಾದರೂ ಬಿಡುವುದಿಲ್ಲ. ಸೀರೆ ತೀರ ತೆಳುವಾಗಿದ್ದು ರಾತ್ರಿ ಒಳಗಿನದೆಲ್ಲ ಹೊರಗೆ ಕಾಣುವಂತಿದ್ದರೆ ಹಳೆಯ ಬಿಳಿ ಪಂಚೆಯನ್ನು ಹಿಂಬದಿಗೆ ಲೈನಿಂಗ್ ಆಗಿ ಕೊಡಿ.

ರಾಡನ್ನು ಕಿಟಕಿಯ ಚೌಕಟ್ಟಿಗೆ ತಾಗಿಸಿ ಹಾಕುವ ಬದಲು ನಾಲ್ಕೈದು ಇಂಚು ಮೇಲೆ, ಎರಡು ಬದಿಗೂ ಆರಾರು ಇಂಚು ಹೊರಕ್ಕೆ ಚಾಚುವಂತೆ ಹಾಕಿದರೆ ಹಗಲಿನಲ್ಲಿ ಪರದೆಯನ್ನು ಪೂರ್ತಿ ಬದಿಗೆ ಸರಿಸಬಹುದು, ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಮೇಲಿನ ಈ ನಾಲ್ಕೈದು ಇಂಚನ್ನೂ ಎರಡು ಬದಿಯ ಆರಾರು ಇಂಚನ್ನೂ ಬಟ್ಟೆಯ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಬೇಕೆಂಬುದನ್ನು ಮರೆಯಬೇಡಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಇಲ್ಲದಿದ್ದರೆ ಚೌಕಟ್ಟಿನ ಒಳಗೇ ಬಿಗಿಯಾಗಿ ಕೂರುವ ಸ್ಪ್ರಿಂಗ್ ರಾಡು ಸಿಗುತ್ತದೆ. ಗ್ಯಾಸ್ ಒಲೆಯ ಹತ್ತಿರದ ಕಿಟಕಿಗೂ ದೇವರ ದೀಪದ ಪಕ್ಕಕ್ಕೂ ಇಂಥ ಪರದೆ ಸಲ್ಲದು. ಅದರಲ್ಲಿಯೂ ಪಾಲಿಯೆಸ್ಟರ್ ಸೀರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

11 ಗಂಟೆಯ ಸುಮಾರಿಗೆ: ಉಂಡೆ ಕಟ್ಟುವುದು

ಎರಡು ಮಧ್ಯಮ ಗಾತ್ರದ ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಎಸಳು ಕರಿಬೇವು, ಎಲ್ಲವನ್ನೂ ಸಣ್ಣಗೆ ಹೆಚ್ಚಿಕೊಂಡು, ಈರುಳ್ಳಿಯನ್ನು ಮಾತ್ರ ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ ಪೂರ್ತಿ ಆರಲು ಬಿಡಬೇಕು. ಹಸಿ ಈರುಳ್ಳಿಗೆ ಉಪ್ಪು ತಗುಲಿದರೆ ನೀರು ಬಿಟ್ಟು ಹಿಟ್ಟು ಅಂಬಲಿಯಂತಾಗುತ್ತದೆ. ಆದ್ದರಿಂದಲೇ ಈರುಳ್ಳಿಯನ್ನು ಮೊದಲೇ ನಾದದೆ ಮೊದಲ ಸಲ ಉಬ್ಬಿದ ಮೇಲೆ ಸೇರಿಸುವುದು.

ಹಿಟ್ಟು ಎರಡರಷ್ಟಾಗಿದೆಯೇ ನೋಡಿ, ಮೈದಾ ಸವರಿದ ಬೆರಳನ್ನು ಅದರಲ್ಲಿ ಒತ್ತಿ. ಗುಳಿ ಹಾಗೆಯೇ ನಿಂತರೆ ಸರಿ, ಕೂಡಲೇ ತುಂಬಿಕೊಂಡರೆ ಇನ್ನೂ ಹದಿನೈದು ನಿಮಿಷ ಬೇಕು. ಡಿಸೆಂಬರ್ ಜನವರಿಯ ಚಳಿಯಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ, ಗಡಿಯಾರಕ್ಕಿಂತ ಬೆರಳನ್ನು ನಂಬಿ. ಹಿಟ್ಟನ್ನು ಒತ್ತಿ ಗಾಳಿ ತೆಗೆದು, ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ, ಮಸಾಲೆಯನ್ನು ಮೇಲೆ ಹರವಿ, ಸುರುಳಿ ಸುತ್ತಿ, ಮತ್ತೆ ಎರಡು ಮೂರು ಸಲ ಮಡಚಿದರೆ ಎಲ್ಲ ಕಡೆಗೂ ಹೊಂದಿಕೊಳ್ಳುತ್ತದೆ. ಎಂಟು ಭಾಗ ಮಾಡಿ ಪ್ರತಿಯೊಂದನ್ನೂ ತೂಗಿ. ಒಂದೊಂದು ಸುಮಾರು 85 ಗ್ರಾಂ ಬರುತ್ತದೆ. ತೂಕ ಒಂದೇ ಆಗಿದ್ದರೆ ಚಿಕ್ಕದು ಸೀಯುವುದು, ದೊಡ್ಡದು ಹಸಿಯಾಗಿ ಉಳಿಯುವುದು ತಪ್ಪುತ್ತದೆ. ನುಣ್ಣನೆಯ ಉಂಡೆ ಕಟ್ಟಿ, ತುಸು ಚಪ್ಪಟೆ ಮಾಡಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ಎರಡು ಇಂಚು ಅಂತರದಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ. ಚಿಕ್ಕ ಓವನ್ನಿನ ತಟ್ಟೆಯಲ್ಲಿ ನಾಲ್ಕೈದೇ ಹಿಡಿಸಿದರೆ ಉಳಿದವನ್ನು ಫ್ರಿಜ್ಜಿನಲ್ಲಿಟ್ಟರೆ ಉಬ್ಬುವುದು ನಿಧಾನವಾಗಿ, ಎರಡನೆಯ ಸರದಿಗೆ ಸರಿಯಾಗಿರುತ್ತವೆ.

ಇದೇ ಹೊತ್ತಿಗೆ ರವೆ ಕೇಕಿನ ಹಿಟ್ಟನ್ನೂ ನೆನೆಹಾಕಬೇಕು. 180 ಗ್ರಾಂ ಚಿರೋಟಿ ರವೆ, 40 ಗ್ರಾಂ ಮೈದಾ, 150 ಗ್ರಾಂ ಪುಡಿ ಸಕ್ಕರೆ, 200 ಗ್ರಾಂ ಹೆಚ್ಚು ಹುಳಿಯಿಲ್ಲದ ಮೊಸರು, 80 ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, ಒಂದು ಚಿಟಿಕೆ ಉಪ್ಪು ಮತ್ತು ನಾಲ್ಕು ಏಲಕ್ಕಿಯ ಪುಡಿ, ಇವನ್ನು ಗಂಟಿಲ್ಲದೆ ಕಲಸಿ ಮುಚ್ಚಿಡಿ. ರವೆ ಮೊಸರನ್ನು ಹೀರಿ ಹಿಗ್ಗಲು ಕನಿಷ್ಠ ಮೂವತ್ತು ನಿಮಿಷ ಬೇಕು. ಸೋಡಾ ಮತ್ತು ಬೇಕಿಂಗ್ ಪೌಡರ್ ಈಗ ಹಾಕಬಾರದು. ಸೋಡಾ ಮೊಸರಿನ ಹುಳಿಗೆ ತಗುಲಿದ ಕ್ಷಣವೇ ಗುಳ್ಳೆಯೆದ್ದು ಅನಿಲ ಬಿಡುತ್ತದೆ. ಅರ್ಧ ಗಂಟೆ ಮೊದಲೇ ಹಾಕಿದರೆ ಓವನ್ನಿಗೆ ಹೋಗುವಷ್ಟರಲ್ಲಿ ಆ ಶಕ್ತಿ ಮುಗಿದು ಕೇಕ್ ಹಲ್ವದಂತೆ ಕೂರುತ್ತದೆ. ಕಲಿಯುವ ಕಾಲದಲ್ಲಿ ನಾನು ಹೆಚ್ಚು ಸಲ ಮಾಡಿದ ತಪ್ಪು ಇದೇ.

ಬನ್ನು ಎರಡನೆಯ ಸಲ ಉಬ್ಬುವ ನಲವತ್ತು ನಿಮಿಷ: ಸೆರಗಿನಿಂದ ದಿಂಬಿನ ಕವರು

34 ಇಂಚಿನ ಸೆರಗನ್ನು ಸೀರೆಯ ಅಗಲಕ್ಕೆ ಅಡ್ಡಲಾಗಿ 17 ಇಂಚಿನ ಎರಡು ಪಟ್ಟಿಗಳಾಗಿ ಕತ್ತರಿಸಿ. ಒಂದೊಂದು ಪಟ್ಟಿಯೂ 17 ಇಂಚು ಅಗಲ, 44 ಇಂಚು ಉದ್ದವಿದ್ದು, ಉದ್ದದ ಎರಡು ತುದಿಯಲ್ಲಿ ಸೀರೆಯ ಅಂಚು ಇರುತ್ತದೆ. 16 ಇಂಚಿನ ಚೌಕದ ದಿಂಬಿಗೆ ಮುಂದೆ ಹಿಂದೆ ಸೇರಿ 32 ಇಂಚು ಬೇಕು, ಮಿಕ್ಕ 12 ಇಂಚು ಹಿಂಬದಿಯಲ್ಲಿ ಒಂದರ ಮೇಲೊಂದು ಬರುವ ಮಡಿಕೆಗೆ. ಪಟ್ಟಿಯ ಒಳ್ಳೆಯ ಬದಿಯನ್ನು ಮೇಲೆ ಮಾಡಿ ಹಾಸಿ, ಎರಡು ತುದಿಗಳನ್ನು ನಡುವಿಗೆ ಮಡಚಿ 16 ಇಂಚು ಉದ್ದವಾಗುವಂತೆ ಹೊಂದಿಸಿ, ತೆರೆದ ಎರಡು ಬದಿಗಳಲ್ಲಿ ಅರ್ಧ ಇಂಚು ಒಳಗೆ ಹೊಲಿದು, ತಿರುಗಿಸಿ. ಜಿಪ್ಪು ಬೇಡ, ಗುಂಡಿ ಬೇಡ, ತೆರೆದ ಬಾಯಿಯಲ್ಲಿ ಅಂಚೇ ಇರುವುದರಿಂದ ಅದನ್ನು ಮಡಚಿ ಹೊಲಿಯುವುದೂ ಬೇಡ. ಅಂಚು ಚೆಲುವಾಗಿದ್ದರೆ ಆ ಬದಿಯನ್ನೇ ಮುಂದೆ ಮಾಡಿ ಇಡಬಹುದು. ಒಳಗಿನ ದಿಂಬಿಗೆ ಹಳೆಯ ಹತ್ತಿಯನ್ನು ಬಿಸಿಲಿಗೆ ಹಾಕಿ ಬಿಡಿಸಿ ತುಂಬಿದರೆ ಸಾಕು.

ಒಂದೇ ಕಾವಿನಲ್ಲಿ ಮೂರು ತಿಂಡಿ

ಮನೆಯಲ್ಲಿ ಬಳಸುವ ಓಟಿಜಿಗಳು (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಆಗುವ ಚಿಕ್ಕ ವಿದ್ಯುತ್ ಓವನ್ನುಗಳು) ಸಾಮಾನ್ಯವಾಗಿ 1,200ರಿಂದ 1,500 ವ್ಯಾಟಿನವು, ಅಂದರೆ ಗಂಟೆಗೆ ಹೆಚ್ಚೆಂದರೆ ಒಂದೂವರೆ ಯೂನಿಟ್ ವಿದ್ಯುತ್ತು. ಕಾವು ಏರಿದ ಮೇಲೆ ಒಳಗಿನ ಬಿಸಿಯಾಗುವ ಸುರುಳಿ (ಕಾಯಿಲ್) ಆಗಾಗ ಆರಿ ಹತ್ತುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆಯೇ ಆಗುತ್ತದೆ. ತಣ್ಣಗಿನ ಓವನ್ನನ್ನು ಬಿಸಿ ಮಾಡುವ ಮೊದಲ ಹದಿನೈದು ನಿಮಿಷ ಮಾತ್ರ ಪ್ರತಿ ಸಲವೂ ವ್ಯರ್ಥ. ಒಮ್ಮೆ ಬಿಸಿಯಾದ ಓವನ್ನಿನಲ್ಲಿ ಹೆಚ್ಚು ಕಾವು ಬೇಕಾದದ್ದನ್ನು ಮೊದಲು, ಕಡಿಮೆ ಸಾಕಾದದ್ದನ್ನು ಕೊನೆಗೆ ಇಡಬೇಕು. ಸೌದೆಯ ಭಟ್ಟಿಯಲ್ಲಿ ಬ್ರೆಡ್ಡು ತೆಗೆದ ಮೇಲೆ ಇಳಿಗಾವಿನಲ್ಲಿ ಬಿಸ್ಕತ್ತು, ರಸ್ಕು ಬೇಯಿಸುವ ಪದ್ಧತಿಯೂ ಇದೇ.

ಓವನ್ನನ್ನು 190 ಡಿಗ್ರಿಗೆ ಬಿಸಿ ಮಾಡಿ, ಬನ್ನಿಗೆ ಹಾಲು ಸವರಿ, ನಡುವಿನ ಅಂತಸ್ತಿನಲ್ಲಿ 18ರಿಂದ 20 ನಿಮಿಷ ಬೇಯಿಸಿ. ಬನ್ನಿನ ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಬಿಸಿಯಿರುವಾಗಲೇ ಬೆಣ್ಣೆ ಸವರಿ ಬಟ್ಟೆ ಮುಚ್ಚಿದರೆ ಮೇಲ್ಮೈ ಮೆತ್ತಗಾಗುತ್ತದೆ.

ಬನ್ನು ತೆಗೆಯುವ ಐದು ನಿಮಿಷ ಮುಂಚೆ ನೆನೆದ ರವೆಯ ಹಿಟ್ಟನ್ನು ನೋಡಿ. ಅದು ಗಟ್ಟಿಯಾಗಿರುತ್ತದೆ, ಇಡ್ಲಿ ಹಿಟ್ಟಿಗಿಂತ ತುಸು ಸಡಿಲವಾಗುವಷ್ಟು ಹಾಲು, ಸುಮಾರು 60ರಿಂದ 100 ಮಿಲಿಲೀಟರ್, ಬೆರೆಸಿ. ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ, ಎರಡನ್ನೂ ತಲೆತಟ್ಟಿ ಅಳೆದು ಹಾಕಿ ಹಗುರವಾಗಿ ಕಲಸಿ ಕೂಡಲೇ ಏಳು ಇಂಚಿನ ತಟ್ಟೆಗೆ ಸುರಿಯಿರಿ. ಸೋಡಾ ಹೆಚ್ಚಾದರೆ ಕೇಕ್ ಹೆಚ್ಚು ಉಬ್ಬುತ್ತದೆಂಬುದು ತಪ್ಪು ತಿಳಿವಳಿಕೆ: ಮೊದಲು ಉಬ್ಬಿ ಆಮೇಲೆ ನಡುವೆ ಕುಸಿಯುತ್ತದೆ, ಸಾಬೂನಿನಂಥ ರುಚಿಯೂ ಬರುತ್ತದೆ. ಮಕ್ಕಳಿಗೆ ಇಷ್ಟವಾದ ಟೂಟಿಫ್ರೂಟಿಯನ್ನು (ಅದು ಸಕ್ಕರೆಪಾಕದಲ್ಲಿ ಬೆಂದ ಪರಂಗಿಕಾಯಿ) ಮೈದಾದಲ್ಲಿ ಹೊರಳಿಸಿ, ಹೆಚ್ಚಿನದನ್ನು ಹಿಟ್ಟಿನ ಮೇಲೆಯೇ ಉದುರಿಸಿದರೆ ತಳ ಸೇರುವುದಿಲ್ಲ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಮೊದಲ 25 ನಿಮಿಷ ಬಾಗಿಲು ತೆರೆಯಬೇಡಿ. ನಡುವೆ ಚುಚ್ಚಿದ ಕಡ್ಡಿ ಸ್ವಚ್ಛವಾಗಿ ಬಂದರೆ ಹೊರತೆಗೆದು, ಹತ್ತು ನಿಮಿಷ ತಟ್ಟೆಯಲ್ಲಿಯೇ ಬಿಟ್ಟು ಆಮೇಲೆ ಮಗುಚಿ.

ಬೆಣ್ಣೆ ಬಿಸ್ಕತ್ತು ಬಹಳ ಸುಲಭ. 100 ಗ್ರಾಂ ಮೆತ್ತಗಿನ ಬೆಣ್ಣೆ, 60 ಗ್ರಾಂ ಪುಡಿ ಸಕ್ಕರೆ ಬೆಳ್ಳಗಾಗುವವರೆಗೆ ತಿಕ್ಕಿ, 150 ಗ್ರಾಂ ಮೈದಾ ಸೇರಿಸಿ, ನಾದದೆ ಬೆರಳ ತುದಿಯಿಂದ ಕೂಡಿಸಿ, ಚಿಕ್ಕ ಉಂಡೆಗಳನ್ನು ಒತ್ತಿ 160 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಬಿಸಿಯಿದ್ದಾಗ ಮೆತ್ತಗಿರುತ್ತವೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ. ಆರಿದ ಮೇಲೆ ಗರಿಗರಿಯಾಗುತ್ತವೆ.

ಹೊರದೇಶದಲ್ಲಿರುವ ಕನ್ನಡಿಗರು ಈ ಮೂರು ಕಾವುಗಳನ್ನು ಕ್ರಮವಾಗಿ 375, 350 ಮತ್ತು 325 ಫ್ಯಾರನ್‌ಹೀಟ್ ಎಂದು ಓದಿಕೊಳ್ಳಬಹುದು, ಮೈದಾ ಬದಲು ಆಲ್ ಪರ್ಪಸ್ ಫ್ಲೋರ್ ಬಳಸಬಹುದು. ಫ್ಯಾನ್ ಇರುವ ಓವನ್ನಾದರೆ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಮಾಡಬೇಕು. ಚಳಿ ದೇಶದ ಅಡುಗೆಮನೆಯಲ್ಲಿ ಹಿಟ್ಟು ಉಬ್ಬದಿದ್ದರೆ, ಓವನ್ನಿನ ದೀಪವನ್ನು ಮಾತ್ರ ಹಚ್ಚಿ ಅದರೊಳಗೆ ಇಟ್ಟರೆ ಬೇಕಾದಷ್ಟು ಬೆಚ್ಚಗಾಗುತ್ತದೆ.

ಓವನ್ ಇಲ್ಲದಿದ್ದರೆ

ರವೆ ಕೇಕಿಗಾಗಿ ಓವನ್ ಕೊಳ್ಳುವ ಅಗತ್ಯವಿಲ್ಲ. ದಪ್ಪ ತಳದ ಹಳೆಯ ಪಾತ್ರೆ ಅಥವಾ ಅಡುಗೆಗೆ ಬಳಸದ ಹಳೆಯ ಕುಕ್ಕರ್ ಸಾಕು. ನಿತ್ಯ ಬಳಸುವ ಒಳ್ಳೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿದರೆ ತಳ ಸೊಟ್ಟಗಾಗುವ ಭಯವಿದೆ, ಅದನ್ನು ಈ ಕೆಲಸಕ್ಕೆ ಬಳಸಬೇಡಿ. ತಳದಲ್ಲಿ ಅರ್ಧ ಇಂಚು ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಸಲ್ ಎರಡನ್ನೂ ತೆಗೆದ ಮುಚ್ಚಳವನ್ನು ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಕೇಕಿನ ತಟ್ಟೆಯನ್ನು ಇಕ್ಕಳದಿಂದ ಇಳಿಸಿ, ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ ಬಿಡಿ. ನೀರನ್ನು ಯಾವ ಕಾರಣಕ್ಕೂ ಹಾಕಬಾರದು. ಆ ಉಪ್ಪನ್ನು ಡಬ್ಬಿಯಲ್ಲಿ ತುಂಬಿಟ್ಟರೆ ಇದೇ ಕೆಲಸಕ್ಕೆ ಮತ್ತೆ ಮತ್ತೆ ಬರುತ್ತದೆ, ಅಡುಗೆಗೆ ಮಾತ್ರ ಬಾರದು. ಈ ವಿಧಾನದಲ್ಲಿ ಮೇಲಿನಿಂದ ಕಾವು ಇರುವುದಿಲ್ಲವಾದ್ದರಿಂದ ಬನ್ನುಗಳು ಬೆಂದರೂ ಬೆಳ್ಳಗೇ ಉಳಿಯುತ್ತವೆ. ಬೆಣ್ಣೆ ಸವರಿದ ಕಾವಲಿಯ ಮೇಲೆ ಅವನ್ನು ಬೋರಲು ಹಾಕಿ ಒಂದೆರಡು ನಿಮಿಷ ಬಿಟ್ಟರೆ ಬಣ್ಣ ಬರುತ್ತದೆ.

ಊಟದ ನಂತರ: ಚಿತ್ತಾರದ ಬುಟ್ಟಿ

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲಿನ ಮಲೆನಾಡಿನಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬಿದಿರಿನ ಬುಟ್ಟಿಗೂ ಹೀಗೆಯೇ ಬರೆದು ಅದನ್ನು ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಕೆಮ್ಮಣ್ಣು, ಅಕ್ಕಿ, ಪುಂಡಿ ನಾರಿನ ಕುಂಚ ಇವಿಷ್ಟರಿಂದಲೇ ಮೂಡುವ ಕಲೆಯಿದು. ದುಬಾರಿ ಬಣ್ಣವನ್ನು ಕೊಳ್ಳಲಾಗದವರಿಗೆ ಇದಕ್ಕಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಅವರ ಕೈಯ ಹದ ನಮಗೆ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲ, ಆದರೆ ಅವರ ಸಾಮಗ್ರಿಯಿಂದ ನಮ್ಮ ಬುಟ್ಟಿಯೊಂದನ್ನು ಸಿಂಗರಿಸಬಹುದು, ಯಾರ ಕಲೆಯೆಂದು ಕೇಳಿದವರಿಗೆ ಹೆಸರು ಹಿಡಿದು ಹೇಳಬಹುದು.

ಬೆಳಿಗ್ಗೆಯೇ ಎರಡು ಚಮಚ ಅಕ್ಕಿ ನೆನೆಹಾಕಿರಬೇಕು. ಒಂದು ಬಿದಿರಿನ ಬುಟ್ಟಿ ಅಥವಾ ಹಳೆಯ ಮಣ್ಣಿನ ಕುಡಿಕೆಯನ್ನು ಧೂಳಿಲ್ಲದಂತೆ ಒರೆಸಿ, ಕೆಮ್ಮಣ್ಣಿನ ಪುಡಿಗೆ ನೀರು ಮತ್ತು ಒಂದು ಚಮಚ ಗೋಂದು ಕಲಸಿ ಎರಡು ಸಲ ಬಳಿಯಿರಿ. ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಅಕ್ಕಿಯನ್ನು ನುಣ್ಣಗೆ ರುಬ್ಬಿ ಕೆಲವು ಹನಿ ಗೋಂದು ಬೆರೆಸಿದರೆ ಬಿಳಿ ಉದುರುವುದಿಲ್ಲ. ಕುಂಚವಿಲ್ಲದಿದ್ದರೆ ತೆಂಗಿನ ಗರಿಯ ಕಡ್ಡಿಯ ತುದಿಯನ್ನು ಜಜ್ಜಿ ಬಳಸಿ. ಬಾಯಿಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಎಂಟು ಸಮಭಾಗ ಮಾಡಿ ಚುಕ್ಕಿ ಇಟ್ಟುಕೊಂಡು, ನೇರ ಗೆರೆ, ಓರೆ ಗೆರೆ, ತ್ರಿಕೋನಗಳಿಂದ ತುಂಬುತ್ತ ಹೋಗಿ. ಚುಕ್ಕಿಯಿಲ್ಲದೆ ಆರಂಭಿಸಿದರೆ ಕೊನೆಯ ತ್ರಿಕೋನಕ್ಕೆ ಜಾಗ ಸಾಲದೇ ಹೋಗುತ್ತದೆ.

ಇದು ನೀರಿಗೆ ನಿಲ್ಲುವ ಬಣ್ಣವಲ್ಲ. ಒಳಗೆ ಗಾಜಿನ ಸೀಸೆಯಿಟ್ಟು ಅದರಲ್ಲಿ ಮನಿಪ್ಲಾಂಟ್ ಬಳ್ಳಿ ಹಾಕಬಹುದು, ಆದರೆ ಸೀಸೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒಳಮೈಯನ್ನು ಉಜ್ಜಿ ತೊಳೆಯಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನ ಪಾತ್ರೆಯ ಗೋಡೆಗೇ.

ಸಂಜೆಯ ಬೆಳಕು

ಇಷ್ಟು ಮಾಡಿದ ಮೇಲೆಯೂ ಕೋಣೆ ಸಪ್ಪೆಯಾಗಿ ಕಂಡರೆ ಅದು ಬಹುಪಾಲು ಬಲ್ಬಿನ ತಪ್ಪು. ಬಹಳ ಮನೆಗಳ ಹಜಾರದಲ್ಲಿ 6,500 ಕೆಲ್ವಿನ್ನಿನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ನೀಲಿ ಬಿಳುಪಿನ ಎಲ್‌ಇಡಿ ಉರಿಯುತ್ತಿರುತ್ತದೆ, ಅದರ ಕೆಳಗೆ ಕೆಮ್ಮಣ್ಣಿನ ಕೆಂಪೂ ಸೀರೆಯ ಬಣ್ಣವೂ ಬೂದಿಯಾಗಿ ಕಾಣುತ್ತವೆ. ಹಜಾರದಲ್ಲಿ ಒಂದನ್ನಾದರೂ 2,700ರಿಂದ 3,000 ಕೆಲ್ವಿನ್ ಎಂದು ಬರೆದಿರುವ ವಾರ್ಮ್ ವೈಟ್ ಬಲ್ಬಿಗೆ ಬದಲಿಸಿ, ಸಾಧ್ಯವಾದರೆ ಅದನ್ನು ಛಾವಣಿಯ ಬದಲು ಕೂತವರ ಭುಜದ ಎತ್ತರದಲ್ಲಿಡಿ. ತರಕಾರಿ ಹೆಚ್ಚುವ, ಓದುವ ಜಾಗಗಳಲ್ಲಿ ಬಿಳಿ ಬೆಳಕೇ ಇರಲಿ. ಗೋಡೆಯಲ್ಲಿ ತೇವವಿದ್ದು ಉಪ್ಪಿನ ಪುಡಿ ಉದುರುತ್ತಿದ್ದರೆ ಅದನ್ನು ವಾಲ್‌ಪೇಪರಿನಿಂದ ಮುಚ್ಚಲು ದುಡ್ಡು ಹಾಕಬೇಡಿ; ನೀರು ಬರುವ ಜಾಗ ಮುಚ್ಚದೆ ಅಲ್ಲಿ ಏನು ಅಂಟಿಸಿದರೂ ಒಂದು ಮಳೆಗಾಲದಲ್ಲಿ ಕಿತ್ತು ಬರುತ್ತದೆ.

ಈ ಹೊತ್ತಿಗೆ ಬಿಸ್ಕತ್ತುಗಳು ಪೂರ್ತಿ ಆರಿರುತ್ತವೆ, ಗಾಳಿಯಾಡದ ಡಬ್ಬಿಗೆ ತುಂಬಬಹುದು. ಸ್ವಲ್ಪ ಬಿಸಿಯಿದ್ದಾಗ ತುಂಬಿದರೂ ಆವಿ ಕಟ್ಟಿ ಮೆತ್ತಗಾಗುತ್ತವೆ. ರವೆ ಕೇಕ್ ಹೊರಗೆ ಎರಡು ದಿನ ಚೆನ್ನಾಗಿರುತ್ತದೆ, ಮರುದಿನ ರುಚಿ ಹೆಚ್ಚು. ಈರುಳ್ಳಿಯಿರುವ ಬನ್ನನ್ನು ಮಾತ್ರ ಅಂದೇ ತಿನ್ನಬೇಕು, ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಿಗ್ಗೆ ಎರಡಾಗಿ ಸೀಳಿ, ಬೆಣ್ಣೆ ಹಚ್ಚಿ, ಕಾವಲಿಯ ಮೇಲೆ ಕೆಂಪಗೆ ಬಿಸಿ ಮಾಡಿ ಕಾಫಿಯ ಜೊತೆ ಕೊಡಿ.